ಒಂದು ಬದಿ ಮುಗಿಯುವವರೆಗೆ ಒಂದೇ ಚಿತ್ರ

(ಧಾರವಾಡದಲ್ಲಿ ಚಿತ್ರಕಲೆ ಓದುವ ಹುಡುಗ ಹುಡುಗಿಯರು ಮತ್ತು ಸಂಗೀತ ಕೇಳುವ ಹಿರಿಯರು ಒಟ್ಟಿಗೆ ಕೂತಿದ್ದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿದ್ದ ಅಡ್ಡಾದಿಡ್ಡಿಯನ್ನು ಪೂರ್ತಿ ತೆಗೆದಿಲ್ಲ.)

ಎಲ್ಲರಿಗೂ ನಮಸ್ಕಾರ. ಈ ಊರಿನವರ ಮೇಲೆ ನನ್ನದೊಂದು ತಕರಾರಿದೆ, ಅದರಿಂದಲೇ ಶುರು ಮಾಡುತ್ತೇನೆ. ಇಲ್ಲಿ ಒಬ್ಬರು ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ಮುಕ್ಕಾಲು ತಾಸು ಒಂದೇ ರಾಗ ಹಾಡಿದರೂ ನಾವು ಕದಲುವುದಿಲ್ಲ. ಬಂದಿಶ್‌ನಲ್ಲಿ, ಅಂದರೆ ಹಾಡುವ ಸಾಹಿತ್ಯದಲ್ಲಿ, ಇರುವುದೇ ನಾಲ್ಕು ಸಾಲು. ಅದೂ ಬ್ರಜ್ ಭಾಷೆಯಲ್ಲಿ. ಅರ್ಧ ಜನಕ್ಕೆ ತಿಳಿಯುವುದಿಲ್ಲ, ಉಳಿದರ್ಧ ಜನ ತಿಳಿದವರ ಹಾಗೆ ತಲೆದೂಗುತ್ತಾರೆ. ಆದರೂ ಯಾರಾದರೂ ನಡುವೆ ಎದ್ದು "ಬುವಾ, ಇದರ ಅರ್ಥ ಏನ್ರೀ?" ಎಂದು ಕೇಳಿದ್ದನ್ನು ನೋಡಿದ್ದೀರಾ? ಕೇಳಿದರೆ ಪಕ್ಕದವರು ಅಂಗಿ ಜಗ್ಗಿ ಕೂರಿಸುತ್ತಾರೆ. ಅದೇ ಜನ ಚಿತ್ರ ಪ್ರದರ್ಶನಕ್ಕೆ ಬಂದರೆ ಒಂದು ಕ್ಯಾನ್ವಾಸ್ ಮುಂದೆ ನಿಂತಂಗ ಮಾಡಿ "ಏನೂ ತಿಳಿಯಂಗಿಲ್ ಬಿಡ್ರೀ, ನಮ್ಮನಿ ಹುಡುಗೂ ಹಿಂತಾದು ತೆಗಿತಾನ" ಎಂದು ಚಹಾದ ಕಡೆ ಹೊರಡುತ್ತಾರೆ.

ಡಿ.ವಿ. ಹಾಲಭಾವಿಯವರು ಚಿತ್ರಕಲಾ ಶಾಲೆ ಕಟ್ಟಿದ ಊರು ಇದು. ಚಿತ್ರ ಇಲ್ಲಿಗೆ ಹೊಸದಲ್ಲ, ತಾಳ್ಮೆಯೂ ಹೊಸದಲ್ಲ. ಹಾಗಿದ್ದರೂ ಆ ತಾಳ್ಮೆ ಸಂಗೀತಕ್ಕೆ ಮಾತ್ರ ಯಾಕೆ ಸಿಗುತ್ತದೆ?

ನನಗೆ ತೋಚಿದ್ದು ಇಷ್ಟು. ಸಂಗೀತ ನಮ್ಮನ್ನು ಕೂರಿಸುತ್ತದೆ. ನಡುವೆ ಎದ್ದು ಹೋದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಚಿತ್ರಕ್ಕೆ ಆ ಜೋರು ಇಲ್ಲ. ನಾವು ಪಕ್ಕದ ಚಿತ್ರಕ್ಕೆ ಸರಿದುಬಿಟ್ಟರೆ ಅದೇನು ಮಾಡೀತು? ಆದರೆ ಚಿತ್ರಕ್ಕೂ ಸಂಗೀತದಷ್ಟೇ ಸಮಯ ಸಿಗುತ್ತಿದ್ದ ಒಂದು ಜಾಗ ಇತ್ತು. ಅದು ಎಲ್‌ಪಿ ರೆಕಾರ್ಡಿನ, ಅಂದರೆ ಹಾಡಿನ ದೊಡ್ಡ ತಟ್ಟೆಯ, ಕವರ್. ತಟ್ಟೆಯ ಒಂದು ಬದಿ ಸುಮಾರು 20 ನಿಮಿಷ. ತಟ್ಟೆ ಅಲ್ಲಿ ತಿರುಗುತ್ತಿದ್ದರೆ ಕವರ್ ತೊಡೆಯ ಮೇಲೆ ಇರುತ್ತಿತ್ತು. ಕೈಗೆ ಬೇರೆ ಕೆಲಸ ಇಲ್ಲ, ಕಣ್ಣಿಗೂ ಇಲ್ಲ. ಹಾಗಾಗಿ ನೋಡುತ್ತಿದ್ದೆವು. ಬದಿ ಮುಗಿದರೆ ತಟ್ಟೆ ತಿರುವಿ ಹಾಕಿ ಮತ್ತೆ ಅದೇ ಚಿತ್ರ. ಅದನ್ನು ಮಾಡಿದವರು ಯಾರು, ಅದಕ್ಕೆ ಆಧುನಿಕ ಕಲೆ ಅನ್ನಬೇಕೋ ಸಮಕಾಲೀನ ಕಲೆ ಅನ್ನಬೇಕೋ, ಯಾರಿಗೆ ಬೇಕಿತ್ತು? ಪ್ಯಾರಿಸ್, ನ್ಯೂಯಾರ್ಕ್‌ನ ಗ್ಯಾಲರಿ ಜನ ತಲೆ ಕೆರೆದುಕೊಂಡು ನೋಡುತ್ತಿದ್ದಂಥ ಚಿತ್ರಗಳನ್ನು ಹಾಡು ಕೇಳುವ ಸಾಮಾನ್ಯ ಜನ ಮನೆಯಲ್ಲಿ ಚಾಪೆ ಮೇಲೆ ಮಲಗಿ ಆರಾಮಾಗಿ ನೋಡಿದ್ದಾರೆ.

ನಾನು ಕಲಾವಿಮರ್ಶಕ ಅಲ್ಲ, ಇದನ್ನು ಮೊದಲೇ ಹೇಳಬೇಕಿತ್ತು. ಹುಬ್ಬಳ್ಳಿಯಲ್ಲಿ ಪ್ರೆಸ್ಸಿಗೆ ಡಿಸೈನ್ ಮಾಡುವವನು. ಲಗ್ನಪತ್ರಿಕೆ, ಸೊಸೈಟಿಗಳ ಕ್ಯಾಲೆಂಡರ್, ಜಾತ್ರೆ ಪೋಸ್ಟರ್, ಇತ್ತೀಚೆಗೆ ಫ್ಲೆಕ್ಸ್. ರದ್ದಿ ಅಂಗಡಿಗಳಲ್ಲಿ ಹಳೆ ರೆಕಾರ್ಡ್ ಹುಡುಕುವ ಚಟ ಇದೆ. ಹಾಗಾಗಿ ಇವತ್ತಿನ ಮಾತೆಲ್ಲ ಕಾಗದ, ಶಾಯಿ, ಗೋಂದಿನ ಕಡೆಯಿಂದಲೇ ಬರುತ್ತದೆ.

ಮೊದಲು ನಾಯಿಯ ಕಥೆ. ಗ್ರಾಮೋಫೋನ್ ಮುಂದೆ ಕಿವಿಗೊಟ್ಟು ಕೂತ ನಾಯಿ ನಿಮ್ಮೆಲ್ಲರಿಗೂ ಗೊತ್ತು. ಅದರ ಹೆಸರು ನಿಪ್ಪರ್. ಬರೆದವರು ಫ್ರಾನ್ಸಿಸ್ ಬರಾಡ್ ಎಂಬ ಇಂಗ್ಲಿಷ್ ಕಲಾವಿದ. ಅವರು ಮೊದಲು ಬರೆದಾಗ ನಾಯಿಯ ಮುಂದೆ ಇದ್ದದ್ದು ತಟ್ಟೆಯ ಯಂತ್ರ ಅಲ್ಲ, ಸಿಲಿಂಡರ್ ಹಾಕುವ ಹಳೆ ಫೋನೋಗ್ರಾಫ್. 1899ರಲ್ಲಿ ಗ್ರಾಮೋಫೋನ್ ಕಂಪನಿಯವರು "ಆ ಯಂತ್ರ ತೆಗೆದು ನಮ್ಮದನ್ನು ಬರೆದುಕೊಟ್ಟರೆ ಚಿತ್ರ ಕೊಳ್ಳುತ್ತೇವೆ" ಎಂದರು. ಇವರು ಹಳೆಯದರ ಮೇಲೆಯೇ ಬಣ್ಣ ಹಚ್ಚಿ ಹೊಸ ಯಂತ್ರ ಬರೆದುಕೊಟ್ಟರು. ಗಿರಾಕಿ ಹೇಳಿದ ಹಾಗೆ ತಿದ್ದಿಕೊಡುವುದು! ಪ್ರೆಸ್ಸಿನವನಾಗಿ ನನಗೆ ಇದು ಬಹಳ ಸಮಾಧಾನ ಕೊಟ್ಟ ಕಥೆ. ನಾಳೆ ಮದುಮಗನ ಮಾವ ಬಂದು "ಗಣಪತಿ ಸಣ್ಣ ಆತು, ದೊಡ್ಡದು ಮಾಡ್ರಿ" ಅಂದರೆ ನಾನು ಬರಾಡ್ ಅವರನ್ನು ನೆನೆಯುತ್ತೇನೆ.

ಆ ನಾಯಿ ಇದ್ದದ್ದು ತಟ್ಟೆಯ ನಡುವಿನ ಲೇಬಲ್ ಮೇಲೆ. ಹೊರಗೆ ಚಿತ್ರ ಗಿತ್ರ ಇರಲಿಲ್ಲ. ಲೇಬಲ್ ಕಾಣಲಿ ಅಂತ ನಡುವೆ ತೂತು ಇದ್ದ ಕಾಗದದ ಚೀಲ, ಅಷ್ಟೇ. ತಟ್ಟೆಯ ಒಂದು ಬದಿಗೆ ಮೂರು ನಿಮಿಷದ ಹಾಡು. ನಮ್ಮ ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಮೊದಮೊದಲ ರೆಕಾರ್ಡ್‌ಗಳು ಗಾಂಧಾರಿ ಎಂಬ ಹೆಸರಲ್ಲಿ ಬಂದವು, ಇಂಥ ಚೀಲಗಳಲ್ಲೇ. ಗದುಗಿನ ಹುಡುಗ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಹಾಕಿದ್ದ ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿ ಮನೆ ಬಿಟ್ಟು ಹೋದದ್ದು ಇಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಆ ಹುಡುಗನಿಗೆ ಯಾವ ಕವರ್ ಡಿಸೈನೂ ಬೇಕಾಗಲಿಲ್ಲ. ನನ್ನ ವಾದಕ್ಕೆ ಇದು ಸ್ವಲ್ಪ ಏಟು ಕೊಡುತ್ತದೆ, ಗೊತ್ತು. ಇರಲಿ, ಎಲ್ಲರೂ ಭೀಮಸೇನ ಜೋಶಿ ಅಲ್ಲವಲ್ಲ.

ಕವರ್ ಮೇಲೆ ಚಿತ್ರ ತಂದವರು ಅಲೆಕ್ಸ್ ಸ್ಟೈನ್‌ವೈಸ್. ಅಮೆರಿಕದ ಕೊಲಂಬಿಯಾ ರೆಕಾರ್ಡ್ಸ್‌ಗೆ 1939ರಲ್ಲಿ ಸೇರಿದಾಗ ಅವರಿಗೆ ಇನ್ನೂ 22 ದಾಟಿರಲಿಲ್ಲ. ಆಗ ನಾಲ್ಕಾರು ತಟ್ಟೆಗಳನ್ನು ಸೇರಿಸಿ ರಟ್ಟಿನ ಬೈಂಡಿಂಗ್ ಮಾಡಿ ಮಾರುತ್ತಿದ್ದರು. ಹೊರಗೆ ಕಂದು ಇಲ್ಲವೇ ಬೂದು ಬಣ್ಣ. ಅಂಗಡಿಯಲ್ಲಿ ಇಟ್ಟರೆ ಗೋರಿಕಲ್ಲು ಸಾಲಾಗಿ ನಿಂತ ಹಾಗೆ ಕಾಣುತ್ತಿತ್ತಂತೆ. ಹೊರಗೆ ಚಿತ್ರ ಹಾಕೋಣ ಎಂದು ಸ್ಟೈನ್‌ವೈಸ್ ಹಟ ಹಿಡಿದರು. ಖರ್ಚು ಜಾಸ್ತಿಯಾಗುತ್ತದೆ ಎಂದು ಮೇಲಿನವರ ಗೊಣಗಾಟ. ಇದು ಎಲ್ಲ ಊರಲ್ಲೂ ಒಂದೇ. 1940ರಲ್ಲಿ ಮೊದಲ ಕವರ್ ಬಂತು. ನ್ಯೂಯಾರ್ಕ್‌ನ ಇಂಪೀರಿಯಲ್ ಥಿಯೇಟರಿನವರನ್ನು ಒಪ್ಪಿಸಿ, ಹೊರಗಿನ ದೀಪದ ಬೋರ್ಡಿನ ಅಕ್ಷರ ಬದಲಾಯಿಸಿ, ಅಲ್ಲಿ ಆಲ್ಬಮ್ಮಿನ ಹೆಸರು ಹಾಕಿಸಿ ಫೋಟೋ ತೆಗೆಸಿದರು. ಆಮೇಲೆ ಬೀಥೋವನ್‌ನ ಒಂದು ಸಿಂಫನಿಯನ್ನು ಚಿತ್ರದ ಕವರ್ ಹಾಕಿ ಮತ್ತೆ ಬಿಟ್ಟಾಗ ಮಾರಾಟ ಹಲವು ಪಟ್ಟು ಏರಿತು. ಗೊಣಗಾಟ ನಿಂತಿತು. 1948ರಲ್ಲಿ 12 ಇಂಚಿನ ಎಲ್‌ಪಿ ಬಂತು. ಅಲ್ಲಿಗೆ ಕಲಾವಿದರ ಕೈಗೆ ಒಂದಡಿಗಿಂತ ಚೂರು ದೊಡ್ಡದಾದ ಚೌಕ ಸಿಕ್ಕಿತು.

ಆ ಚೌಕದಲ್ಲಿ ನನಗೆ ಅತಿ ಇಷ್ಟದ ಕೆಲಸ ಬ್ಲೂ ನೋಟ್ ಎಂಬ ಜಾಝ್ ಕಂಪನಿಯದು. ಡಿಸೈನರ್ ರೀಡ್ ಮೈಲ್ಸ್, ಫೋಟೋ ಫ್ರಾನ್ಸಿಸ್ ವುಲ್ಫ್. ಹುಡುಗರೇ, ಇದನ್ನು ಗಮನ ಕೊಟ್ಟು ಕೇಳಿ. ಕಂಪನಿ ಸಣ್ಣದು, ದುಡ್ಡಿಲ್ಲ. ಹಾಗಾಗಿ ಹೆಚ್ಚಿನ ಕವರ್‌ಗಳಿಗೆ ಎರಡೇ ಬಣ್ಣ. ಒಂದು ಕಪ್ಪು, ಇನ್ನೊಂದು ಯಾವುದಾದರೂ ಒಂದು. ನಾವು ಪ್ರೆಸ್ಸಿನಲ್ಲಿ ಟೂ ಕಲರ್ ಜಾಬ್ ಅನ್ನುತ್ತೇವಲ್ಲ, ಅದೇ. ಬಿಲ್ ಬುಕ್ಕಿಗೆ ಮಾಡುವಂಥದ್ದು. ಅಷ್ಟರಲ್ಲೇ ಮೈಲ್ಸ್ ಫೋಟೋವನ್ನು ಎಲ್ಲೆಲ್ಲೋ ಕತ್ತರಿಸುತ್ತಾರೆ. ಒಂದು ಕಡೆ ಬರೀ ಕೈ ಉಳಿಸುತ್ತಾರೆ, ಇನ್ನೊಂದು ಕಡೆ ಅಕ್ಷರಗಳನ್ನೇ ಕುಣಿಸುತ್ತಾರೆ. ಖಾಲಿ ಜಾಗ ಬಿಡಲು ಹೆದರುವುದೇ ಇಲ್ಲ. ನಮ್ಮ ಗಿರಾಕಿಗಳು ಖಾಲಿ ಜಾಗ ಕಂಡರೆ "ಇಲ್ಲೊಂದು ಫೋನ್ ನಂಬರ್ ಹಾಕಬಹುದಿತ್ತಲ್ರೀ" ಅನ್ನುತ್ತಾರೆ. ಇನ್ನೊಂದು ವಿಷಯ. ಮೈಲ್ಸ್‌ಗೆ ಜಾಝ್ ಅಂದರೆ ಅಷ್ಟಕ್ಕಷ್ಟೇ. ಅವರ ಇಷ್ಟ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ರೆಕಾರ್ಡಿನಲ್ಲಿ ಏನಿದೆ ಎಂದು ಬೇರೆಯವರು ಹೇಳಿದ್ದನ್ನು ಕೇಳಿಕೊಂಡು ಕವರ್ ಮಾಡುತ್ತಿದ್ದರು. ಬಹುಶಃ ಅದಕ್ಕೇ ಅವು ಹಾಡಿಗೆ ಕಟ್ಟಿದ ಚಿತ್ರ ಆಗಲಿಲ್ಲ. ಹಾಡಿನಲ್ಲಿ ಮಳೆ ಬಂದರೆ ಕವರ್ ಮೇಲೆ ಛತ್ರಿ ಬರೆಯುವವರ ಕೆಲಸ ನನಗೆ ಸೇರುವುದಿಲ್ಲ.

ಇನ್ನು 1967. ಆ ವರ್ಷ ಬಂದ ಎರಡು ಕವರ್‌ಗಳಿಗೂ ನಮಗೂ ಒಂದು ನಂಟಿದೆ. ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನವರ 'ಸಾರ್ಜೆಂಟ್ ಪೆಪ್ಪರ್ಸ್' ನಿಮಗೆ ಗೊತ್ತು. ದೊಡ್ಡವರ ಆಳೆತ್ತರದ ಚಿತ್ರಗಳನ್ನು ರಟ್ಟಿಗೆ ಅಂಟಿಸಿ, ಕತ್ತರಿಸಿ, ಗುಂಪಾಗಿ ನಿಲ್ಲಿಸಿ ಫೋಟೋ ತೆಗೆದದ್ದು. ಮಾಡಿದವರು ಪೀಟರ್ ಬ್ಲೇಕ್ ಮತ್ತು ಜಾನ್ ಹಾವರ್ತ್, ಇಬ್ಬರೂ ಪಾಪ್ ಆರ್ಟ್ ಕಲಾವಿದರು, ಅಂದರೆ ಜಾಹೀರಾತು, ಸಿನಿಮಾದಂಥ ಜನಪ್ರಿಯ ಚಿತ್ರಗಳನ್ನೇ ಕಲೆಗೆ ತಂದವರು. ಜಾನ್ ಅವರು ಹೆಂಗಸು. ಎಷ್ಟೋ ಕಡೆ ಗಂಡನ ಹೆಸರಷ್ಟೇ ಬರೆದು ಬಿಡುತ್ತಾರೆ, ಅದಕ್ಕೆ ಹೇಳಿದೆ. ಆ ಗುಂಪಿನಲ್ಲಿ ಮೊದಲು ಮಹಾತ್ಮ ಗಾಂಧಿಯೂ ಇದ್ದರು. ರೆಕಾರ್ಡ್ ಕಂಪನಿಯ ಮುಖ್ಯಸ್ಥರು ನೋಡಿ, ಭಾರತದಲ್ಲಿ ಜನ ಬೇಜಾರು ಮಾಡಿಕೊಂಡಾರು ಎಂದು ತೆಗೆಸಿದರು. ಯುಕ್ತೇಶ್ವರ ಗಿರಿ, ಯೋಗಾನಂದರಂಥ ಗುರುಗಳು ಮಾತ್ರ ಉಳಿದರು. ಹುಡುಕಿ ನೋಡಿ, ಸಿಗುತ್ತಾರೆ. ಆ ಹುಡುಕಾಟದಲ್ಲೇ ಒಂದು ಬದಿ ಮುಗಿದುಹೋಗುತ್ತದೆ.

ಎರಡನೆಯದು ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅವರ 'ಆಕ್ಸಿಸ್: ಬೋಲ್ಡ್ ಆ್ಯಸ್ ಲವ್'. ಇದನ್ನು ನೋಡಿದರೆ ನೀವು ನಗುತ್ತೀರಿ. ನಮ್ಮ ಕಿರಾಣಿ ಅಂಗಡಿಯ ಕ್ಯಾಲೆಂಡರಿನಲ್ಲಿ ಬರುವ ವಿಶ್ವರೂಪ ದರ್ಶನದ ಚಿತ್ರವೇ! ಸಾಲು ಸಾಲು ತಲೆಗಳು, ಹೆಡೆ ಎತ್ತಿದ ಸರ್ಪ, ಎಲ್ಲ ಹಾಗೇ. ನಡುವಿನ ಮುಖಗಳು ಮಾತ್ರ ಹೆಂಡ್ರಿಕ್ಸ್ ಮತ್ತು ಅವರ ಇಬ್ಬರು ಜೊತೆಗಾರರದು. ಹೆಂಡ್ರಿಕ್ಸ್ ತಮ್ಮ ಮನೆತನದಲ್ಲಿ ಅಮೆರಿಕದ ಮೂಲನಿವಾಸಿಗಳ ರಕ್ತ ಇದೆ ಎನ್ನುತ್ತಿದ್ದರು. ಅವರಿಗೆ ಬೇಕಿದ್ದದ್ದು ಆ 'ಇಂಡಿಯನ್' ಚಿತ್ರ, ಕಂಪನಿಯವರು ತಂದದ್ದು ಈ ಇಂಡಿಯಾದ್ದು ಎಂದು ಹೇಳುತ್ತಾರೆ. ಕವರ್ ನೋಡಿ ಅವರಿಗೆ ಖುಷಿಯಾಗಲಿಲ್ಲ. ಇಲ್ಲಿಯೂ ಕೆಲವರಿಗೆ ಖುಷಿಯಾಗಲಿಕ್ಕಿಲ್ಲ, ಅದೂ ಸರಿಯೇ. ನನಗೆ ಬೇರೆ ಯೋಚನೆ ಬರುತ್ತದೆ. ನಾವು ಡಿಸೆಂಬರ್ ಮುಗಿದ ಕೂಡಲೇ ಗೋಡೆಯಿಂದ ಇಳಿಸುವ ಕ್ಯಾಲೆಂಡರ್ ಚಿತ್ರ ಲಂಡನ್ನಿನಲ್ಲಿ ಒಬ್ಬ ಡಿಸೈನರ್ ಕಣ್ಣಿಗೆ ಬಿದ್ದು ಲೋಕವೆಲ್ಲ ಸುತ್ತಿತು. ಅದರ ಮೂಲ ಬರೆದ ಕಲಾವಿದರನ್ನು ಅಲ್ಲಿ ಯಾರು ನೆನೆದರು? ಕ್ಯಾಲೆಂಡರ್ ಮಾಡುವವನಿಗೆ ಇದು ಚುಚ್ಚುತ್ತದೆ.

ಈಗ ಅಮೆರಿಕದ ಕಲಾವಿದ ಆ್ಯಂಡಿ ವಾರ್ಹಾಲ್. ಸಮಕಾಲೀನ ಕಲೆ ಅಂದರೆ ಹುಬ್ಬು ಗಂಟು ಹಾಕುವವರೂ ಈ ಹೆಸರು ಕೇಳಿರುತ್ತೀರಿ. ಅವರು ದೊಡ್ಡ ಹೆಸರು ಮಾಡುವ ಮುಂಚೆಯೇ, 1949ರಿಂದಲೇ, ರೆಕಾರ್ಡ್ ಕವರ್ ಬರೆದು ದುಡ್ಡು ದುಡಿಯುತ್ತಿದ್ದರು. 1967ರಲ್ಲಿ ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ಬ್ಯಾಂಡಿಗೆ ಬಾಳೆಹಣ್ಣಿನ ಕವರ್ ಮಾಡಿದರು. ಬಿಳಿ ಹಿನ್ನೆಲೆ, ಒಂದು ಬಾಳೆಹಣ್ಣು, ಕೆಳಗೆ ವಾರ್ಹಾಲ್ ಹೆಸರು. ಬ್ಯಾಂಡಿನ ಹೆಸರು ಮುಂಬದಿಯಲ್ಲಿ ಇಲ್ಲವೇ ಇಲ್ಲ! ಆ ಹಳದಿ ಸಿಪ್ಪೆ ಸ್ಟಿಕರ್. ಸುಲಿದರೆ ಒಳಗೆ ಗುಲಾಬಿ ಬಣ್ಣದ ಹಣ್ಣು. ಸುಲಿದರೆ ಕವರ್ ಹಾಳು, ಸುಲಿಯದಿದ್ದರೆ ಚಿತ್ರ ಪೂರ್ತಿ ಆಗುವುದಿಲ್ಲ. ನೋಡುವವನ ಕೈಗೇ ತೀರ್ಮಾನ ಬಿಟ್ಟರು.

1971ರಲ್ಲಿ ರೋಲಿಂಗ್ ಸ್ಟೋನ್ಸ್ ಬ್ಯಾಂಡಿಗೆ ವಾರ್ಹಾಲ್ ಇನ್ನೊಂದು ಐಡಿಯಾ ಕೊಟ್ಟರು. ಜೀನ್ಸ್ ಪ್ಯಾಂಟಿನ ಫೋಟೋ, ಅದಕ್ಕೆ ನಿಜವಾದ ಜಿಪ್. ಎಳೆದರೆ ತೆರೆಯುತ್ತದೆ. ಐಡಿಯಾ ಕೊಟ್ಟು ಅವರು ಹೋದರು. ಅದನ್ನು ಲಕ್ಷಗಟ್ಟಲೆ ತಯಾರು ಮಾಡುವ ಪಾಡು ಕ್ರೇಗ್ ಬ್ರೌನ್ ಎಂಬ ಡಿಸೈನರ್‌ಗೆ ಬಂತು. ಮಾಲು ಅಂಗಡಿಗೆ ಹೋಗುವಾಗ ಒಂದರ ಮೇಲೊಂದು ಪೇರಿಸುತ್ತಾರಲ್ಲ, ಆ ಭಾರಕ್ಕೆ ಜಿಪ್ಪಿನ ಹಿಡಿ ಮೇಲಿನ ತಟ್ಟೆಗೆ ಒತ್ತಿ ಹಾಡಿನ ಗೆರೆಯನ್ನೇ ಹಾಳು ಮಾಡಿತು. ಏನು ಮಾಡೋಣ? ಬ್ರೌನ್ ಕಂಡುಕೊಂಡ ಉಪಾಯ ನೋಡಿ: ಕಳಿಸುವ ಮೊದಲೇ ಪ್ರತಿ ಜಿಪ್ಪನ್ನೂ ಅರ್ಧ ಇಳಿಸಿ ಇಡುವುದು. ಆಗ ಹಿಡಿ ತಟ್ಟೆಯ ನಡುವಿನ ಲೇಬಲ್ ಜಾಗಕ್ಕೆ ಬರುತ್ತದೆ. ಅಲ್ಲಿ ಎಷ್ಟು ಒತ್ತಿದರೂ ಹಾಡಿಗೆ ಏನೂ ಆಗುವುದಿಲ್ಲ. ವಾರ್ಹಾಲ್ ಬಗ್ಗೆ ಬರೆಯುವವರು ಐಡಿಯಾದ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ನಾನು ಜಿಪ್ಪನ್ನು ಅರ್ಧ ಇಳಿಸಿದ ಆ ಬುದ್ಧಿಗೆ ಕೈಮುಗಿಯುತ್ತೇನೆ.

ಬಿಳಿ ಕ್ಯಾನ್ವಾಸ್ ನೋಡಿ ಸಿಟ್ಟು ಬರುತ್ತದೆ ಎಂದು ಇಲ್ಲಿನ ಹಿರಿಯರೊಬ್ಬರು ಆಗಲೇ ಹೇಳಿದರು. ಅವರಿಗೆ ಈ ಕವರ್. 1968ರದು, ಬೀಟಲ್ಸ್ ಬ್ಯಾಂಡಿನದೇ. ಮಾಡಿದವರು ರಿಚರ್ಡ್ ಹ್ಯಾಮಿಲ್ಟನ್, ಬ್ರಿಟನ್ನಿನ ದೊಡ್ಡ ಕಲಾವಿದ. ಪೂರ್ತಿ ಬಿಳಿ. ಬ್ಯಾಂಡಿನ ಹೆಸರನ್ನು ಶಾಯಿ ಇಲ್ಲದೆ ಉಬ್ಬು ಅಚ್ಚು ಹಾಕಿದ್ದಾರೆ, ಅದೂ ಚೂರು ಸೊಟ್ಟಗೆ. ಲಗ್ನಪತ್ರಿಕೆಯಲ್ಲಿ ನಾವು ಎಂಬಾಸಿಂಗ್ ಮಾಡುತ್ತೇವಲ್ಲ, ಅದೇ ಕೆಲಸ. ಜೊತೆಗೆ ಪ್ರತಿ ಕವರ್ ಮೇಲೆ ಒಂದು ನಂಬರ್. ಕಲಾವಿದರು ಪ್ರಿಂಟ್ ತೆಗೆದಾಗ 25ರಲ್ಲಿ 3ನೆಯದು ಅಂತ ನಂಬರ್ ಹಾಕುತ್ತಾರೆ, ಕಡಿಮೆ ಇದೆ, ಬೆಲೆ ಜಾಸ್ತಿ ಅಂತ. ಇವರು ಲಕ್ಷಗಟ್ಟಲೆ ಅಚ್ಚಾಗುವ ಮಾಲಿಗೆ ನಂಬರ್ ಹಾಕಿ ಆ ಪದ್ಧತಿಯನ್ನೇ ಗೇಲಿ ಮಾಡಿದರು. ಇದನ್ನು ಮನೆಗೆ ತಂದ ಜನ "ಏನೂ ಇಲ್ಲವಲ್ಲ" ಎಂದು ವಾಪಸ್ ಕೊಡಲಿಲ್ಲ. ಯಾಕೆಂದರೆ ಒಳಗೆ ಹಾಡಿತ್ತು, ಕೇಳುತ್ತಾ ಬಿಳಿ ಕವರ್ ನೋಡಿದರು, ಬೆರಳಿನಿಂದ ಆ ಅಕ್ಷರ ಸವರಿದರು. ಹಿರಿಯರೇ, ಕ್ಯಾನ್ವಾಸ್ ಕೇಳುವುದೂ ಅಷ್ಟೇ ಸಮಯ. ಮುಟ್ಟಲು ಬಿಡುವುದಿಲ್ಲ, ಅದೊಂದು ಕಷ್ಟ.

ವಿದ್ಯಾನಗರದಲ್ಲಿ ಕಾಲೇಜು ಹುಡುಗರು ಕಪ್ಪು ಟಿ-ಶರ್ಟ್ ಹಾಕುತ್ತಾರೆ, ಮೇಲೆ ಬೆಟ್ಟದ ಸಾಲಿನಂಥ ಬಿಳಿ ಗೆರೆಗಳು. ಯಾವುದೋ ಫ್ಯಾಷನ್ ಕಂಪನಿ ಗುರುತು ಎಂದುಕೊಂಡಿದ್ದಾರೆ. ಅದು 1979ರ ಒಂದು ರೆಕಾರ್ಡಿನ ಕವರ್, ಜಾಯ್ ಡಿವಿಷನ್ ಬ್ಯಾಂಡಿನದು, ಡಿಸೈನ್ ಪೀಟರ್ ಸ್ಯಾವಿಲ್. ಆ ಗೆರೆಗಳನ್ನು ಕಲಾವಿದರು ಬರೆದದ್ದೇ ಅಲ್ಲ. 1967ರಲ್ಲಿ ಜೋಸೆಲಿನ್ ಬೆಲ್ ಪತ್ತೆ ಮಾಡಿದ ಮೊದಲ ಪಲ್ಸಾರ್ ನಕ್ಷತ್ರದಿಂದ ಬಂದ ರೇಡಿಯೋ ಮಿಡಿತಗಳ ಗ್ರಾಫ್ ಅದು. ಖಗೋಳ ವಿಶ್ವಕೋಶದಲ್ಲಿ ಬಿಳಿ ಮೇಲೆ ಕಪ್ಪಾಗಿ ಅಚ್ಚಾಗಿತ್ತು. ಸ್ಯಾವಿಲ್ ಅದನ್ನು ತಿರುವುಮುರುವು ಮಾಡಿ ಕಪ್ಪಿನ ಮೇಲೆ ಬಿಳಿ ಮಾಡಿದರು. ಬೇರೆ ಯಾರೋ, ಬೇರೆ ಯಾವುದಕ್ಕೋ ಮಾಡಿದ್ದನ್ನು ಎತ್ತಿ ಇನ್ನೊಂದು ಕಡೆ ಇಡುವುದು, ಇಟ್ಟ ಜಾಗದಲ್ಲಿ ಅದು ಬೇರೆಯೇ ಆಗಿ ಕಾಣುವುದು: ಇವತ್ತಿನ ಕಲೆಯಲ್ಲಿ ಇದು ದೊಡ್ಡ ಪದ್ಧತಿ. ಆ ಹುಡುಗರು ಅದನ್ನು ಎದೆ ಮೇಲೆ ಹಾಕಿಕೊಂಡು ತಿರುಗುತ್ತಾರೆ, ಗ್ಯಾಲರಿಗೆ ಬಂದರೆ ಮಾತ್ರ "ಇದು ನಮಗಲ್ಲ" ಅನ್ನುತ್ತಾರೆ.

ಗೆರ್ಹಾರ್ಡ್ ರಿಕ್ಟರ್ ಎಂಬ ಜರ್ಮನ್ ಕಲಾವಿದರ ಮೇಣದಬತ್ತಿಯ ಚಿತ್ರ 1988ರಲ್ಲಿ ಸಾನಿಕ್ ಯೂತ್ ಎಂಬ ರಾಕ್ ಬ್ಯಾಂಡಿನ ಕವರ್ ಆಯಿತು. ಬ್ಯಾಂಡಿನದು ಕಿವಿಗಡಚಿಕ್ಕುವ ಗಿಟಾರ್, ಚಿತ್ರದ್ದು ಸದ್ದಿಲ್ಲದ ಒಂದು ಜ್ವಾಲೆ. ಆ ಕವರ್ ಮೂಲಕವೇ ರಿಕ್ಟರ್ ಹೆಸರು ಕೇಳಿದವರಲ್ಲಿ ನಾನೂ ಒಬ್ಬ.

ಕವರನ್ನೇ ಸಾಮಾನು ಮಾಡಿಕೊಂಡ ಕಲಾವಿದರೂ ಇದ್ದಾರೆ. ಕ್ರಿಶ್ಚಿಯನ್ ಮಾರ್ಕ್ಲೇ 1985ರಲ್ಲಿ ಕವರ್ ಇಲ್ಲದ ರೆಕಾರ್ಡ್ ಮಾರಿದರು. ಚೀಲವೂ ಇಲ್ಲ, ಬರೀ ತಟ್ಟೆ. ಧೂಳು ಕೂತು ಗೀರು ಬಿದ್ದ ಹಾಗೆ ಅದರ ಸದ್ದು ಬದಲಾಗುತ್ತಾ ಹೋಗುತ್ತದೆ, ಆ ಗೀರೂ ಸಂಗೀತದ ಭಾಗ. 1989ರಲ್ಲಿ ಜ್ಯೂರಿಕ್‌ನಲ್ಲಿ ಸಾವಿರಾರು ತಟ್ಟೆಗಳನ್ನು ನೆಲದ ತುಂಬಾ ಹಾಸಿ ಜನರನ್ನು ಅದರ ಮೇಲೆ ನಡೆಸಿದರು. ಧಾರವಾಡದಲ್ಲಿ ಹೀಗೆ ಮಾಡಿದ್ದರೆ? ಯಾರೂ ಕಾಲಿಡುತ್ತಿರಲಿಲ್ಲ. ತಪ್ಪಿ ಕಾಲು ತಾಗಿದರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆವು. ಆ ಕಲಾಕೃತಿ ಇಲ್ಲಿ ಬೇರೆಯದೇ ಆಗುತ್ತಿತ್ತು, ನನಗೆ ಅನ್ನಿಸುವ ಪ್ರಕಾರ ಇನ್ನೂ ಚೆನ್ನಾಗಿಯೇ ಆಗುತ್ತಿತ್ತು.

ನಮ್ಮ ಹಿಂದೂಸ್ತಾನಿ ಎಲ್‌ಪಿಗಳ ಕವರ್ ಬಗ್ಗೆ ಏನೂ ಹೇಳಲಿಲ್ಲವಲ್ಲ ಎಂದು ನೀವು ಕಾಯುತ್ತಿದ್ದೀರಿ. ನಾನು ನೋಡಿದವುಗಳಲ್ಲಿ ಹೆಚ್ಚಿನವು ಸಪ್ಪೆ. ಗಾಯಕರ ಫೋಟೋ, ಪಕ್ಕಕ್ಕೆ ತಂಬೂರಿ, ಹಿಂದೆ ಒಂದು ಬಣ್ಣ. ಗಾಯನ ಆಕಾಶದಲ್ಲಿ, ಕವರ್ ಪಾಸ್‌ಪೋರ್ಟ್ ಆಫೀಸಿನಲ್ಲಿ. ಹಿಂಬದಿ ಮಾತ್ರ ಚಿನ್ನ. ರಾಗದ ಬಗ್ಗೆ, ಘರಾಣೆಯ ಬಗ್ಗೆ ಒಳ್ಳೆಯ ಟಿಪ್ಪಣಿ ಇರುತ್ತಿತ್ತು, ಎಷ್ಟೋ ಜನ ಅದನ್ನೇ ಓದಿ ರಾಗ ಗುರುತಿಸಲು ಕಲಿತರು. ಕ್ಯಾಸೆಟ್ ಬಂದ ಮೇಲೆ ಚಿತ್ರ ಅಂಗೈಗಿಂತ ಸಣ್ಣದಾಯಿತು. ಆದರೂ ಭಾವಗೀತೆ, ಭಜನೆ, ನಾಟಕದ ಕ್ಯಾಸೆಟ್‌ಗಳ ಆ ಮಡಚಿದ ಕಾಗದ ಬಿಚ್ಚಿ ಸಾಹಿತ್ಯ ಓದುವ ಖುಷಿ ಇತ್ತು. ಈಗ ಫೋನಿನಲ್ಲಿ ಉಗುರಿನಷ್ಟು ಚೌಕ. ಡಿಸೈನರ್‌ಗಳು ಅದಕ್ಕೆ ತಕ್ಕ ಹಾಗೆ ದೊಡ್ಡ ಮುಖ, ದೊಡ್ಡ ಅಕ್ಷರ ಹಾಕುತ್ತಾರೆ. ತಪ್ಪು ಅವರದಲ್ಲ. ಎಲ್‌ಪಿ ಮತ್ತೆ ಬಂದಿದೆ ಎಂದು ಕುಣಿಯುವವರಿಗೂ ಒಂದು ಮಾತು: ಎರಡು ಮೂರು ಸಾವಿರ ಕೊಟ್ಟು ತಂದು, ಪ್ಲಾಸ್ಟಿಕ್ಕೂ ಬಿಚ್ಚದೆ ಗೋಡೆಗೆ ನೇತು ಹಾಕಿದರೆ ನಾವು ಮತ್ತೆ ಪ್ರದರ್ಶನದಲ್ಲಿ ನಿಂತಂಗ ಮಾಡಿ ಹೊರಡುವ ಆ ಗಳಿಗೆಯ ನೋಟಕ್ಕೇ ಬಂದ ಹಾಗೆ.

ಸರಿ, ಗ್ಯಾಲರಿಗೆ ಬರೋಣ. ಶಿಗ್ಗಾವಿ ಹತ್ತಿರ ಗೊಟಗೋಡಿಯ ಉತ್ಸವ್ ರಾಕ್ ಗಾರ್ಡನ್‌ಗೆ ನೀವೆಲ್ಲ ಹೋಗಿರುತ್ತೀರಿ. ಸೊಲಬಕ್ಕನವರ ಅವರ ಶಿಲ್ಪಗಳ ಮುಂದೆ ಜನಕ್ಕೆ ಅಳುಕೇ ಇಲ್ಲ, ಯಾಕೆಂದರೆ ಅಲ್ಲಿ ಇರುವುದು ನಮ್ಮದೇ ಹಳ್ಳಿ, ನಮ್ಮದೇ ಅಜ್ಜಿ. ಗುರುತು ಸಿಗುತ್ತದೆ. ಅದು ಒಂದು ಬಗೆಯ ಸುಖ, ನನಗೂ ಇಷ್ಟ. ಗುರುತು ಸಿಗದ ಕಡೆ ಏನು ಮಾಡುವುದು? ಬೆಂಗಳೂರಿನ ಶೀಲಾ ಗೌಡ ಅವರ ಒಂದು ಕೃತಿ ಇದೆ. ನೂರು ಮೀಟರಿಗೂ ಉದ್ದದ ದಾರಗಳನ್ನು ಸೂಜಿಯ ಕಣ್ಣಿನಲ್ಲಿ ಪೋಣಿಸಿ, ಎಲ್ಲವನ್ನೂ ಸೇರಿಸಿ, ಕುಂಕುಮ ಮತ್ತು ಗೋಂದು ಹಚ್ಚಿ ಕೆಂಪು ಹಗ್ಗ ಮಾಡಿದ್ದಾರೆ. ಅದು ಗೋಡೆಯಿಂದ ಇಳಿದು ನೆಲದ ಮೇಲೆ ಸುತ್ತಿಕೊಂಡು ಹರಿಯುತ್ತದೆ, ತುದಿಯಲ್ಲಿ ಸೂಜಿಗಳ ಗೊಂಚಲು. ಇದರ ಅರ್ಥ ಏನು ಎಂದು ಕೇಳಿದರೆ ಉತ್ತರ ಒಂದು ಸಾಲಿನಲ್ಲಿ ಮುಗಿಯುತ್ತದೆ, ಕೈಗೂ ಏನೂ ಸಿಗುವುದಿಲ್ಲ. ಸುಮ್ನೆ ನಿಂತು ನೋಡಿದರೆ ಮೊದಲು ಕೆಂಪು ಕಾಣುತ್ತದೆ. ಆಮೇಲೆ ಕುಂಕುಮ ಅಂತ ಹೊಳೆಯುತ್ತದೆ. ಆಮೇಲೆ ಸೂಜಿ. ಒಂದೊಂದು ದಾರವನ್ನೂ ಯಾರೋ ಕೂತು ಪೋಣಿಸಿದ್ದಾರೆ ಎಂಬುದು ಇನ್ನೂ ಸ್ವಲ್ಪ ಹೊತ್ತಾದ ಮೇಲೆ ತಿಳಿಯುತ್ತದೆ, ಆಗ ಬೆರಳು ಜುಮ್ಮೆನ್ನುತ್ತದೆ. ಇದು ಆಲಾಪ ಬಿಚ್ಚಿಕೊಳ್ಳುವ ಕ್ರಮವೇ ಅಲ್ವಾ? ನಿಮಗೆ ಬಂದೇ ಇರುವ ವಿದ್ಯೆ.

ಹಾಗಾಗಿ ನಾನು ಮಾಡುವುದು ಇಷ್ಟು. ಪ್ರದರ್ಶನಕ್ಕೆ ಹೋದರೆ ಎಲ್ಲವನ್ನೂ ನೋಡುವುದಿಲ್ಲ. ಒಂದು ಸುತ್ತು ಬೇಗ ಹಾಕುತ್ತೇನೆ, ಒಂದನ್ನು ಆರಿಸುತ್ತೇನೆ, ಸಾಧ್ಯವಾದರೆ ಕುರ್ಚಿ ಕೇಳುತ್ತೇನೆ, ಕಿವಿಗೆ ಇಯರ್‌ಫೋನ್ ಹಾಕಿ ಒಂದು ಬದಿಯಷ್ಟು ಸಂಗೀತ ಹಚ್ಚುತ್ತೇನೆ. ಪಕ್ಕದ ಬರಹ ಓದುವುದು ಆಮೇಲೆ. ಕೆಲವು ಚಿತ್ರ ಹತ್ತು ನಿಮಿಷಕ್ಕೇ ಬೇಜಾರು ಬರುತ್ತವೆ. ಅವು ಕೆಟ್ಟ ಚಿತ್ರ ಎಂದು ಧೈರ್ಯವಾಗಿ ಹೇಳುತ್ತೇನೆ. ಸಮಯ ಕೊಟ್ಟವನಿಗೆ ಬೈಯುವ ಹಕ್ಕೂ ಇರುತ್ತದೆ.

ಕೊನೆಗೆ ಒಬ್ಬ ಹಿರಿಯರು ಕೇಳಿದರು: "ಸಂಗೀತ ಹಚ್ಚಿಕೊಂಡು ನೋಡಿದ್ರ ಚಿತ್ರಕ್ಕ ಮೋಸ ಮಾಡಿದಂಗ ಆಗಂಗಿಲ್ಲೇನು? ಮನಸ್ಸು ಹಾಡಿನ ಕಡೆ ಹೋಗ್ತದ." ಒಳ್ಳೆಯ ಪ್ರಶ್ನೆ. ಹೋಗುತ್ತದೆ ನಿಜ. ಹಾಡು ಚಿತ್ರಕ್ಕೆ ಬಣ್ಣ ಹಚ್ಚಿಬಿಡುತ್ತದೆ, ತೋಡಿ ರಾಗ ಕೇಳುತ್ತಾ ನೋಡಿದ್ದು ದುರ್ಗಾ ರಾಗ ಕೇಳುತ್ತಾ ನೋಡಿದರೆ ಬೇರೆ. ಅದಕ್ಕೇ ಇಷ್ಟವಾದದ್ದನ್ನು ಎರಡನೇ ಸಲ ಸಂಗೀತ ಇಲ್ಲದೆ ನೋಡಿ ಎಂದೆ. ಅವರಿಗೆ ಪೂರ್ತಿ ಸಮಾಧಾನ ಆಗಲಿಲ್ಲ. "ಮಲ್ಲಿಕಾರ್ಜುನ ಮನ್ಸೂರರನ್ನ ಕೇಳೋವಾಗ ನನಗ ಕಣ್ಣು ತಗದಿಡಾಕ ಆಗಂಗಿಲ್ರೀ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅವರು ಕಣ್ಣು ಮುಚ್ಚಿಕೊಳ್ಳಲಿ, ಉಳಿದವರು ಬನ್ನಿ.

ಹಿಂದಿನ ಮೇಜಿನ ಮೇಲೆ ಕವರ್‌ಗಳನ್ನು ಇಟ್ಟಿದ್ದೇನೆ. ಎತ್ತಿ ನೋಡಿ, ತಿರುವಿ ನೋಡಿ, ಅಂಚು ಎಲ್ಲಿ ಅಂಟಿಸಿದ್ದಾರೆ ನೋಡಿ. ಹೊರಗೆ ಮಿರ್ಚಿ ಚಹಾ ಬಂದಿದೆಯಂತೆ. ದಯವಿಟ್ಟು ಮೊದಲು ಕವರ್, ಆಮೇಲೆ ಮಿರ್ಚಿ. ಎಣ್ಣೆ ಕೈಯಲ್ಲಿ ಯಾರಾದರೂ ಆ ಬಿಳಿ ಕವರ್ ಮುಟ್ಟಿದರೆ ಇಲ್ಲೇ ಜಗಳ ಆಗುತ್ತದೆ.